ಕೆಂಪು ಸಾಸಿಗೊಂದು ವೈನ್

ಇವತ್ತು ಹಾಕಲಿಲ್ಲ. ಟೊಮೇಟೊ ಕುದಿದು ಕುದಿದು ಪಾತ್ರೆಯ ಅಂಚಿಗೆ ಕಡುಗೆಂಪು ಗೆರೆ ಕಟ್ಟಿತ್ತು, ಬೆಳ್ಳುಳ್ಳಿಯ ಹಸಿ ವಾಸನೆ ಹೋಗಿ ಎಣ್ಣೆ ಮೇಲಕ್ಕೆ ಬಂದಿತ್ತು. ದಿನವೂ ಇದೇ ಹೊತ್ತಿಗೆ ಅವಳ ಬಲಗೈ ಏಪ್ರನ್ನಿನ ಜೇಬಿಗೆ ಹೋಗಿ, ಕಾಗದದ ಪೊಟ್ಟಣ ಬಿಡಿಸಿ, ಎರಡು ಹಿಡಿ ಸಕ್ಕರೆಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಸಾಸಿಗೆ ಸುರಿದು ಹಿಂದಿರುಗುತ್ತಿತ್ತು. ಹನ್ನೊಂದು ವರ್ಷದಿಂದ. ಇವತ್ತೂ ಕೈ ಜೇಬಿನ ತನಕ ಹೋಯಿತು. ಪೊಟ್ಟಣವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳು, ಆದರೂ ಕೈಗೆ ಅದು ಗೊತ್ತಿರಲಿಲ್ಲ. ಖಾಲಿ ಜೇಬಿನಲ್ಲಿ ಸ್ವಲ್ಪ ಹೊತ್ತು ತಡಕಾಡಿ, ಹೊಲಿಗೆಯ ಮೂಲೆಯಲ್ಲಿ ಸಿಕ್ಕಿಕೊಂಡ ನಾಲ್ಕು ಹರಳು ಉಗುರಿಗೆ ತಾಗಿದಾಗ ಬೆಚ್ಚಿದಂತೆ ಹೊರಗೆ ಬಂತು. ಪಕ್ಕದ ಒಲೆಯಲ್ಲಿ ಮಾಂಸ ಬಾಡಿಸುತ್ತಿದ್ದವನು ತಿರುಗಿ ನೋಡಿದ. ಹಾಕಿದಾಗ ಒಂದು ದಿನವೂ ನೋಡದವನು ಹಾಕದ ದಿನ ನೋಡಿದನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಸೌಟು ಎತ್ತಿಕೊಂಡಳು, ಆಡಿಸಿದಳು. ರುಚಿ ಮಾತ್ರ ನೋಡಲಿಲ್ಲ. ಸಕ್ಕರೆಯಿಲ್ಲದ ತನ್ನ ಸಾಸು ಹೇಗಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿಯುವುದು ಬೇಕಾಗಿಯೂ ಇರಲಿಲ್ಲ. ಮೂಗಮ್ಮನ ಕೆಲಸ ಉಳಿದರೆ ಸಾಕಾಗಿತ್ತು.

ಮೂಗಮ್ಮ ಎಂಬುದು ಅಡುಗೆಮನೆಯವರು ಇಟ್ಟ ಹೆಸರು. ಈ ಇಟಾಲಿಯನ್ ಹೋಟೆಲಿಗೆ ವೈನ್ ಆರಿಸಲು ಮೂರು ತಿಂಗಳ ಕೆಳಗೆ ಬಂದ ಹೆಂಗಸು. ನಲವತ್ತರ ಒಳಗಿನ ವಯಸ್ಸು, ಕತ್ತರಿಸಿದ ಕೂದಲು, ಸದಾ ತೋಳು ಮಡಚಿದ ಅಂಗಿ. ಮೊದಲ ದಿನ ಅವಳು ಗ್ಲಾಸಿನೊಳಗೆ ಮೂಗು ಇಳಿಬಿಟ್ಟು ಕಣ್ಣು ಮುಚ್ಚಿ ನಿಂತದ್ದನ್ನು ಕಂಡು ಮಾಂಸದ ಒಲೆಯವನು, "ನೆಗಡಿಗೆ ಹಬೆ ತಗೊಳ್ತಿದಾರೇನೋ ಪಾಪ, ಯಾರಾದ್ರೂ ಕಂಬಳಿ ಹೊದಿಸ್ರಪ್ಪ" ಅಂದಿದ್ದ. ಹೆಸರು ಅವಳ ಕಿವಿಗೂ ಬಿತ್ತು. "ಮೂಗಮ್ಮ ಅನ್ನಿ, ಬೇಜಾರಿಲ್ಲ. ಬಾಯಮ್ಮ ಅನ್ನದಿದ್ರೆ ಸಾಕು" ಎಂದು ನಕ್ಕುಬಿಟ್ಟಳು. ದಿನವೂ ಹನ್ನೊಂದೂವರೆಗೆ, ಬಾಗಿಲು ತೆರೆಯುವುದಕ್ಕೆ ಒಂದು ಗಂಟೆ ಮೊದಲು, ಎಲ್ಲರನ್ನೂ ಉಕ್ಕಿನ ಮೇಜಿನ ಸುತ್ತ ನಿಲ್ಲಿಸಿಕೊಳ್ಳುವಳು. ಒಂದು ತಟ್ಟೆ ತಿಂಡಿ, ಒಂದು ಬಾಟಲಿ. ಗ್ಲಾಸಿಗೆ ಹೆಬ್ಬೆರಳಿನ ದಪ್ಪ ಸುರಿದು, ಹೆಸರು ಹೇಳದೆ, ಏನು ನೆನಪಾಗುತ್ತೆ ಹೇಳಿ ಅನ್ನುವಳು. ಒಬ್ಬ ಒದ್ದೆ ಚಪ್ಪಲಿ ಅನ್ನುವನು, ಇನ್ನೊಬ್ಬಳು ಹೊಸ ನೋಟ್‌ಬುಕ್ಕು ಅನ್ನುವಳು. ಯಾವುದಕ್ಕೂ ಮೂಗಮ್ಮ ನಗುತ್ತಿರಲಿಲ್ಲ. "ಹೌದಲ್ಲ, ಒದ್ದೆ ಚಪ್ಪಲಿ! ನಾಲ್ಕು ವರ್ಷದಿಂದ ನಂಗೆ ಆ ಮಾತು ಸಿಕ್ಕಿರಲಿಲ್ಲ" ಎಂದು ನಿಜವಾಗಿಯೂ ಸಂತೋಷಪಡುವಳು. ಮೂಗಮ್ಮ ಬಾಯಿಗೆ ಹಾಕಿಕೊಂಡ ವೈನನ್ನು ಸ್ಟೀಲಿನ ಚೊಂಬಿಗೆ ಉಗಿಯುವುದನ್ನು ನೋಡಿ ಮೊದಮೊದಲು ಸಾಸು ಮಾಡುವವಳಿಗೆ ಹೇಸಿಗೆಯಾಗಿತ್ತು. ಆಮೇಲೆ ಸಾಸಿನ ಒಲೆಯ ಮುಂದೆ ನಿಂತೇ, ಬೆನ್ನು ತಿರುಗಿಸಿಕೊಂಡೇ, ಆ ಉಗಿಯುವ ಸದ್ದಿಗೆ ಕಾಯತೊಡಗಿದ್ದಳು. ಉಗಿದ ಮೇಲೆ ಒಂದು ಕ್ಷಣ ಮೌನ, ಆ ಮೌನದಲ್ಲಿ ಮೂಗಮ್ಮ ಎಲ್ಲಿಗೋ ಹೋಗಿ ಬರುತ್ತಿದ್ದಳು. ಹೋಗಿ ಬರಲು ಅಂಥದೊಂದು ಜಾಗ ತನ್ನ ಬಾಯಲ್ಲೇ ಇಟ್ಟುಕೊಂಡ ಹೆಂಗಸನ್ನು ಅವಳು ಮೊದಲು ನೋಡಿರಲಿಲ್ಲ.

ಆ ಮೇಜಿನ ಹತ್ತಿರ ಅವಳು ಒಂದು ದಿನವೂ ಹೋಗಲಿಲ್ಲ. ಒಲೆ ಮೇಲಿದೆ, ಹಿಡಿದುಬಿಡುತ್ತೆ ಎಂದು ನೆಪ. ಆದರೆ ಕಿವಿ ಅಲ್ಲೇ. "ಎಲ್ಲರೂ ಇದನ್ನ ಮದುವೆ ಅಂತಾರೆ, ಊಟಕ್ಕೂ ವೈನಿಗೂ ಮದುವೆ ಅಂತ" ಎಂದಿದ್ದಳು ಒಂದು ದಿನ ಮೂಗಮ್ಮ. "ನನ್ನ ಕೇಳಿದ್ರೆ ಇದು ಅಕ್ಕಪಕ್ಕದ ಮನೆ ಇದ್ದಂಗೆ. ಒಬ್ಬರ ಗಲಾಟೆ ಇನ್ನೊಬ್ಬರಿಗೆ ಕೇಳಿಸಬಾರದು, ಅಷ್ಟೇ. ಜಿಡ್ಡಿದ್ರೆ ಒಗರು ಇರೋ ವೈನು, ಅದು ನಾಲಿಗೇನ ಉಜ್ಜಿ ತೊಳೆಯುತ್ತೆ. ಹುಳಿ ಇದ್ರೆ ಅದಕ್ಕೆ ಹುಳಿ ವೈನೇ ಬೇಕು." ಯಾರೋ, "ಹುಳಿಗೆ ಹುಳಿ ಸೇರಿದ್ರೆ ಹಲ್ಲು ಚಳಿತು ಹೋಗಲ್ವಾ?" ಅಂದರು. "ಇಲ್ಲ. ಅದೇ ವಿಚಿತ್ರ. ಎರಡೂ ಹುಳಿ ಒಂದನ್ನೊಂದು ಮರೆಸ್ತವೆ, ಒಳಗಿನ ಹಣ್ಣು ಹೊರಗೆ ಬರುತ್ತೆ. ತಿಂಡಿಯಲ್ಲಿ ಸಿಹಿ ಇದ್ದು ವೈನು ಹುಳಿ ಇದ್ರೆ ಮಾತ್ರ ಕೆಟ್ಟಹಾಗೆ. ವೈನು ಬಡವಾಗಿಬಿಡುತ್ತೆ, ನಿಂಬೆಹಣ್ಣಿನ ಸಿಪ್ಪೆ ಅಗಿದಂಗೆ." ಒಲೆಯ ಮುಂದಿನವಳು ಸೌಟು ಆಡಿಸುವುದನ್ನು ಮರೆತಳು. ಯಾಕೆಂದರೆ ಮಾರನೆಯ ದಿನ ಕೆಂಪು ಸಾಸಿನ ಸರದಿ.

ಹೋಟೆಲಿನ ಹೆಸರು ನಿಂತಿದ್ದೇ ಆ ಸಾಸಿನ ಮೇಲೆ. ಹಳೇ ಯಜಮಾನರು ಹಡಗಿನಲ್ಲಿ ಅಡುಗೆಯವರಾಗಿದ್ದಾಗ ಇಟಲಿಯ ಒಂದು ಬಂದರಿನಲ್ಲಿ ಕಲಿತದ್ದಂತೆ. ಟೊಮೇಟೊ, ಎಣ್ಣೆ, ಬೆಳ್ಳುಳ್ಳಿ, ಉಪ್ಪು, ತುಳಸಿಯಂಥದೊಂದು ಎಲೆ, ಅಷ್ಟೇ. ಆ ಚೀಟಿಯನ್ನು ಕನ್ನಡಿ ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅವಳು ಕೆಲಸಕ್ಕೆ ಸೇರಿದಾಗ ಅವರು ಹಾಸಿಗೆ ಹಿಡಿದಿದ್ದರು, ಎರಡು ತಿಂಗಳಲ್ಲಿ ತೀರಿಕೊಂಡರು. ಚೀಟಿ ನೋಡಿ ಮಾಡಿದ ಮೊದಲ ದಿನ ಅವಳು ಸಾಸನ್ನು ಬೆರಳ ತುದಿಯಿಂದ ಮುಟ್ಟಿ ನಾಲಿಗೆಗೆ ಇಡಬೇಕೆನ್ನುವಷ್ಟರಲ್ಲಿ ಒಂದು ನಗು ಕೇಳಿಸಿತ್ತು, ಅದಕ್ಕೂ ಎಷ್ಟೋ ವರ್ಷ ಹಿಂದಿನ ನಗು. ಗಂಡನ ಸ್ನೇಹಿತರು ಆರು ಜನ ಊಟಕ್ಕೆ ಕೂತಿದ್ದರು. "ನಮ್ಮವಳ ಕೈಗೇ ಹುಳಿ ಇದೆ ಕಣ್ರೋ, ಹಾಲಿಗೆ ಬೆರಳು ಅದ್ದಿದ್ರೆ ಮೊಸರಾಗುತ್ತೆ" ಎಂದು ಅವನು ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗುತ್ತಲೇ ಬಡಿಸಿದಳು. ಒಬ್ಬ ತಟ್ಟೆಯನ್ನು ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ಲೆಕ್ಕವಿಟ್ಟಳು. ಮಾರನೆಯ ದಿನದಿಂದ ಮನೆಯ ಪ್ರತಿ ಪಾತ್ರೆಗೂ ಒಂದಿಷ್ಟು ಸಕ್ಕರೆ. ಗಂಡನಿಗೆ ಆ ಮಾತೇ ನೆನಪಿಲ್ಲ. ಹೋದ ವರ್ಷ ಯಾವುದೋ ಜಗಳದಲ್ಲಿ ಎತ್ತಿ ಆಡಿದಾಗ ಅವನು ಪ್ರಾಮಾಣಿಕವಾಗಿಯೇ ಕಣ್ಣರಳಿಸಿ, "ನಾನಾ? ಹಾಗಂದ್ನಾ? ಅಂದಿದ್ರೂ ತಮಾಷೆಗೆ ಅಂದಿರಬೇಕು ಬಿಡೇ" ಅಂದಿದ್ದ. ಅಂದವನು ಮರೆತು ಹಗುರಾದ, ಕೇಳಿದವಳು ಹೊತ್ತಳು. ಅವನದೇನೂ ದೊಡ್ಡ ತಪ್ಪಿಲ್ಲ ಎಂದು ಅವಳಿಗೇ ಗೊತ್ತು. ಅಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಹೆದರಿದ್ದಕ್ಕೇ ಹೆಚ್ಚು ನಾಚಿಕೆ. ಹೋಟೆಲಿನಲ್ಲಿ ಮೊದಲ ದಿನ ಸಾಸಿನ ರುಚಿ ನೋಡದೆಯೇ ಸಕ್ಕರೆ ಹಾಕಿದಳು. ಮಧ್ಯಾಹ್ನ ಹೊಸ ಯಜಮಾನ ತಿಂದು ಕಣ್ಣಲ್ಲಿ ನೀರು ತಂದುಕೊಂಡ. "ಇದು ನಮ್ಮಪ್ಪನ ರುಚಿ. ಅದೇ, ಅದೇ ರುಚಿ" ಎಂದ. ಆಮೇಲೆ ಬಾಯಿ ಬಿಡುವ ದಾರಿಯೇ ಇರಲಿಲ್ಲ.

ಕೆಂಪು ಸಾಸಿನ ದಿನ ಮೂಗಮ್ಮ ಕಿಯಾಂಟಿ ತೆರೆದಿದ್ದಳು. ಇಟಲಿಯಲ್ಲಿ ಈ ಊಟಕ್ಕೆ ಕಣ್ಣು ಮುಚ್ಚಿಕೊಂಡು ತೆರೆಯುವ ಕೆಂಪು ವೈನ್ ಅದು ಅಂದಿದ್ದಳು. ಉಗಿದ ಸದ್ದು ಬಂತು. ಮೌನ ಬಂತು. ಮೌನ ಮುಗಿಯಲೇ ಇಲ್ಲ. "ಕೂಡ್ತಿಲ್ಲ" ಎಂದಳು ಕೊನೆಗೆ, ಮಗ್ಗಿ ಮರೆತ ಹುಡುಗಿಯ ದನಿಯಲ್ಲಿ. ಮಾರನೆಯ ದಿನ ಇನ್ನೊಂದು ಬಾಟಲಿ, ಅದರ ಮಾರನೆಯ ದಿನ ಮತ್ತೊಂದು. ಎಲ್ಲವೂ ಬಡವಾದವು. ಒಂದು ಮಧ್ಯಾಹ್ನ ಒಲೆಯ ಹತ್ತಿರ ಬಂದು, "ಅಕ್ಕಾ, ನಿಮ್ಮ ಸಾಸಲ್ಲಿ ಏನೂ ತಪ್ಪಿಲ್ಲ. ನನ್ನ ನಾಲಿಗೇನೇ ಕೈ ಕೊಡ್ತಿದೆ ಅನ್ಸುತ್ತೆ" ಎಂದಳು. ಆಗ ಹೇಳಬಹುದಿತ್ತು. ಅವಳು, "ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಮ್ಮ" ಅಂದಳು. ಅಂದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಂತಾಯಿತು. ಅದಾದ ಎರಡು ದಿನಕ್ಕೆ ಉಗ್ರಾಣಕ್ಕೆ ಹಿಟ್ಟು ತರಲು ಹೋದಾಗ ನೋಡಿದಳು: ಮೂಗಮ್ಮ ಮೂಟೆಯ ಮೇಲೆ ಕೂತು, ಕಣ್ಣಿಗೆ ಒರೆಸುವ ಬಟ್ಟೆ ಕಟ್ಟಿಕೊಂಡು, ಮುಂದೆ ಸಾಲಾಗಿಟ್ಟ ಬಟ್ಟಲುಗಳನ್ನು ಒಂದೊಂದಾಗಿ ಮೂಗಿಗೆ ಹಿಡಿಯುತ್ತಿದ್ದಳು. ಲವಂಗ, ಕಾಫಿಪುಡಿ, ನಿಂಬೆ ಸಿಪ್ಪೆ, ಮೆಣಸು. ಪ್ರತಿಯೊಂದರ ಹೆಸರನ್ನೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಒಂದೂ ತಪ್ಪಲಿಲ್ಲ. ಆದರೂ ಮತ್ತೆ ಮೊದಲಿಂದ ಶುರುಮಾಡಿದಳು. ಅವಳು ಹಿಟ್ಟು ತೆಗೆದುಕೊಳ್ಳದೆ ಹಿಂದಕ್ಕೆ ಬಂದಳು. ಲೋಕವನ್ನೆಲ್ಲ ಬಟ್ಟಲಲ್ಲಿಟ್ಟರೂ ಕಣ್ಣು ಕಟ್ಟಿಕೊಂಡು ಗುರುತಿಸುವವಳನ್ನು, ತನ್ನ ಮೇಲೇ ಅನುಮಾನ ಪಡುವ ಹಾಗೆ ಮಾಡಿದ್ದು ಎರಡು ಹಿಡಿ ಸಕ್ಕರೆ. ಗಂಡನ ಒಂದು ಮಾತು ತನಗೆ ಮಾಡಿದ್ದನ್ನು ತಾನು ಇನ್ನೊಬ್ಬಳಿಗೆ, ಒಂದು ಮಾತೂ ಆಡದೆ ಮಾಡಿದ್ದಳು.

ಅದಾಗಿ ಹತ್ತು ದಿನ. ಆಮೇಲೆ ಮೂಗಮ್ಮ ಕೆಂಪು ಸಾಸಿನ ಮಾತೇ ಎತ್ತಲಿಲ್ಲ. ಸೋತು ಸುಮ್ಮನಾಗಿದ್ದಾಳೆ ಎಂದು ಇವಳು ಅಂದುಕೊಂಡಳು. ಇವತ್ತು ಯಜಮಾನ ಮತ್ತು ಅವನ ದೊಡ್ಡಕ್ಕ ಇಬ್ಬರೂ ಕೂತು ತಿಂದು ಕುಡಿದು ನೋಡುತ್ತಾರೆ. ಮೆಚ್ಚಿದರೆ ಪ್ರತಿ ಊಟದ ಮುಂದೆ ಅದರ ವೈನಿನ ಹೆಸರು ಅಚ್ಚಾಗುತ್ತದೆ, ಮೂಗಮ್ಮ ಉಳಿಯುತ್ತಾಳೆ. ಇಲ್ಲದಿದ್ದರೆ ಇಂದಿಗೆ ಅವಳ ಪರೀಕ್ಷೆಯ ಮೂರು ತಿಂಗಳು ಮುಗಿಯಿತು. ಅದಕ್ಕೇ ಪೊಟ್ಟಣ ಮನೆಯಲ್ಲಿ ಉಳಿದದ್ದು. ಹೇಳುವ ಧೈರ್ಯವಿಲ್ಲದಿದ್ದರೆ ಹಾಕದಿರುವ ಧೈರ್ಯವಾದರೂ ಇರಲಿ ಎಂದು.

ಹನ್ನೊಂದೂವರೆಗೆ ಊಟದ ಕೋಣೆಯ ಕಿಟಕಿಯ ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಿದರು. ದೊಡ್ಡಕ್ಕ ಮಂಡಿ ನೋವೆಂದು ಗೊಣಗುತ್ತ ಬಂದು ಇನ್ನೊಂದು ಕುರ್ಚಿ ಎಳೆಸಿ ಅದರ ಮೇಲೆ ಕಾಲು ಚಾಚಿದರು. "ಬೇಗ ಬೇಗ ತನ್ನಿ. ಹೊಟ್ಟೆ ತಣ್ಣಗಿದ್ರೆ ನಾನು ಒಳ್ಳೆಯವಳು" ಎಂದರು. ಅವಳು ಅಡುಗೆಮನೆಯ ಬಾಗಿಲಿನ ದುಂಡು ಗಾಜಿಗೆ ಮುಖ ಒತ್ತಿ ನಿಂತಳು. ಕರಿದ ಮೀನಿಗೆ ಮೂಗಮ್ಮ ತೆಳುಹಸಿರು ಛಾಯೆಯ ಬಿಳಿ ವೈನ್ ಸುರಿದಳು. ದೊಡ್ಡಕ್ಕ ಮೀನು ಕಚ್ಚಿದರು, ಗುಟುಕರಿಸಿದರು, ಮತ್ತೆ ಮೀನಿಗೆ ಕೈಹಾಕಿದರು. "ಇದೇನೇ ಇದು, ಎಣ್ಣೆ ತಿಂದಂಗೇ ಇಲ್ಲ!" ಎಂದರು. ಅಣಬೆಯ ರಿಸೊಟ್ಟೊ ಬಂತು, ಬೆಣ್ಣೆ ಚೀಸಿನಲ್ಲಿ ಬೆಂದ ಅನ್ನದ ಆ ಹಬೆ ಬಾಗಿಲಿನ ತನಕ ಬಂತು. ಅದಕ್ಕೆ ಮಾಸಲು ಕೆಂಪಿನ ಹಳೆಯ ವೈನ್. ಯಜಮಾನ ಕಣ್ಣು ಮುಚ್ಚಿ, "ಮಣ್ಣಿನ ವಾಸನೆ ಬರ್ತಿದೆ, ಯಾವ ಮಣ್ಣು ಅಂತ ಗೊತ್ತಾಗ್ತಿಲ್ಲ" ಎಂದ. ಮೂಗಮ್ಮ, "ಅಣಬೆ ಹುಟ್ಟಿದ ಮಣ್ಣು ಅಂತ ಅಂದ್ಕೊಳ್ಳಿ. ಇಬ್ಬರೂ ಒಂದೇ ಊರಿನವರು, ಅದಕ್ಕೇ ಮಾತು ಬೆಳೆದಿದೆ" ಎಂದಳು. ಅವಳು ಎಷ್ಟು ಚೆನ್ನಾಗಿ ನಿಂತಿದ್ದಾಳೆ, ಎಂದುಕೊಂಡಳು ಬಾಗಿಲ ಹಿಂದಿನವಳು. ಬಾಟಲಿಯ ಕತ್ತನ್ನು ಹಿಡಿಯುವ ರೀತಿ, ಕೊನೆಯ ಹನಿ ಬಟ್ಟೆಗೆ ಬೀಳದ ಹಾಗೆ ಮಣಿಕಟ್ಟು ತಿರುಗಿಸುವ ರೀತಿ, ಯಾರಾದರೂ ಮೆಚ್ಚಲಿ ಎಂದು ಮಾಡಿದ್ದಲ್ಲ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ. ಇಡೀ ಆಯುಷ್ಯ ಹೀಗೆ ಒಂದು ಕೆಲಸವನ್ನು ಅದಕ್ಕೆ ಬೇಕಾದಷ್ಟೇ ಮಾಡಿ ತೋರಿಸಲು ತನಗೆ ಬರಲಿಲ್ಲ; ಎರಡು ಹಿಡಿ ಹೆಚ್ಚೇ ಹಾಕಿದಳು.

ಆಮೇಲೆ ಕೆಂಪು ಸಾಸಿನ ಸ್ಪಗೆಟ್ಟಿ ಹೋಯಿತು. ಮೂಗಮ್ಮ ತೆರೆದದ್ದು ಕಿಯಾಂಟಿಯಲ್ಲ. ಬೇರೆ ಆಕಾರದ ಬಾಟಲಿ. ಗ್ಲಾಸಿಗೆ ಬಿದ್ದ ಕೆಂಪಿನ ಮೇಲೆ ಗುಲಾಬಿ ನೊರೆ ಎದ್ದು ಇಳಿಯಿತು. ಲಾಂಬ್ರುಸ್ಕೊ, ಸ್ವಲ್ಪ ಸಿಹಿ ಇರೋದು, ಎಂದು ಮೂಗಮ್ಮ ಹೇಳಿದ್ದು ಗಾಜಿನಾಚೆಯಿಂದ ಕೇಳಿದಾಗ ಅವಳಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಸೋತು ಸುಮ್ಮನಾದದ್ದಲ್ಲ. ಕಂಡುಹಿಡಿದು ಸುಮ್ಮನಾದದ್ದು. ಸಾಸಿನ ಸಿಹಿಗೆ ತಕ್ಕ ಸಿಹಿಯನ್ನು ಎಲ್ಲೋ ಹುಡುಕಿ ತಂದಿದ್ದಾಳೆ. ತಾನು ಇವತ್ತೇ ಆ ಸಿಹಿಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ.

ದೊಡ್ಡಕ್ಕ ಗುಟುಕರಿಸಿ ಮುಖ ಕಿವುಚಿದರು. "ಥೂ, ಕೆಮ್ಮಿನ ಔಷಧಿ ಇದ್ದಂಗಿದೆ."

ಯಜಮಾನ ತಿಂದ, ಕುಡಿದ, ಮತ್ತೆ ತಿಂದ. "ಸಾಸೂ ಯಾಕೋ ಇವತ್ತು..." ಎಂದು ಗೋಡೆಯ ಮೇಲಿನ ಚೀಟಿಯ ಕಡೆ ನೋಡಿದ. "ಇಲ್ಲ ಇಲ್ಲ, ಅದು ಸರಿಯಾಗೇ ಇರುತ್ತೆ. ಈ ವೈನಿಂದ ಹಾಳಾಗಿದೆ. ಅಲ್ಲಮ್ಮಾ, ನಮ್ಮ ಮನೆಯ ಮುಖ್ಯ ಊಟಕ್ಕೇ ನೀನು ಪಾನಕ ಕೊಡ್ತೀಯಲ್ಲ?"

ಮೂಗಮ್ಮ ತನ್ನ ಚಮಚದಿಂದ ಸಾಸು ತೆಗೆದು ನಾಲಿಗೆಗೆ ಇಟ್ಟಳು. ಅವಳ ಮುಖದಲ್ಲಿ ಒಂದು ಕ್ಷಣ ದಿಗ್ಭ್ರಮೆ, ಮರುಕ್ಷಣ ಎಲ್ಲವೂ ಅರ್ಥವಾದ ಶಾಂತಿ. ತಲೆಯೆತ್ತಿ ದುಂಡು ಗಾಜಿನ ಕಡೆ ನೋಡಿದಳು. "ನನ್ನ ಲೆಕ್ಕ ತಪ್ಪಿತು" ಎಂದಷ್ಟೇ ಯಜಮಾನನಿಗೆ ಹೇಳಿದಳು.

ಕಾಲು ತಾನಾಗಿ ಒಳಗೆ ಹೋಯಿತೋ, ಬಾಗಿಲೇ ತಳ್ಳಿತೋ, ಅವಳು ಬಿಳಿ ಬಟ್ಟೆಯ ಮೇಜಿನ ಮುಂದೆ ನಿಂತಿದ್ದಳು. ಹನ್ನೊಂದು ವರ್ಷದಲ್ಲಿ ಊಟದ ಕೋಣೆಗೆ ಏಪ್ರನ್ ಹಾಕಿಕೊಂಡು ಬಂದದ್ದು ಇದೇ ಮೊದಲು. ಮಾತು ಬಂತು. ಬಂದದ್ದು ಬಹಳ ಸಣ್ಣದಾಗಿ, ತರಕಾರಿಯ ಪಟ್ಟಿ ಓದಿದ ಹಾಗೆ.

"ಅವರ ಲೆಕ್ಕ ತಪ್ಪಿಲ್ಲ ಸಾರ್. ದಿನಾ ನಾನು ಸಾಸಿಗೆ ಸಕ್ಕರೆ ಹಾಕ್ತೀನಿ. ಎರಡು ಹಿಡಿ. ಇವತ್ತು ಹಾಕಿಲ್ಲ. ಅವರು ಸಕ್ಕರೆ ಹಾಕಿದ ಸಾಸಿಗೆ ಅಂತ ವೈನ್ ತಂದಿದಾರೆ."

"ಸಕ್ಕರೆ? ಯಾವಾಗಿಂದ?"

"ಮೊದಲನೇ ದಿನದಿಂದ."

ದೊಡ್ಡಕ್ಕ ಮೊದಲು ಭುಜ ಕುಲುಕಿಸಿದರು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಕುರ್ಚಿ ಕುಲುಕಿತು. "ಅಯ್ಯೋ ನನ್ನಪ್ಪಾ! ಹನ್ನೊಂದು ವರ್ಷದಿಂದ ಬಂದೋರ ಮುಂದೆಲ್ಲ ಕಣ್ಣೊರೆಸ್ಕೊಂಡು ನಮ್ಮಪ್ಪನ ರುಚಿ, ನಮ್ಮಪ್ಪನ ರುಚಿ ಅಂತಿದ್ದೆಯಲ್ಲೋ!"

"ನಗಬೇಡಕ್ಕ."

"ನಗದೆ ಏನು ಮಾಡ್ಲಿ? ಅಪ್ಪನ ಸಾಸು ತಿಂದ್ರೆ ನೀನು ಚಿಕ್ಕೋನಿದ್ದಾಗ ಮುಖ ಹಿಂಡ್ತಿದ್ದೆ. ಸಕ್ಕರೆ ಹಾಕು ಅಂತ ಹಟ ಮಾಡ್ತಿದ್ದೆ. ಮರೆತೆಯಾ? ಅವಳು ಮಾಡಿದ್ದು ಅಪ್ಪನ ರುಚಿ ಅಲ್ಲ, ನಿನ್ನ ರುಚಿ."

ಅವಳು ಯಾರ ಮುಖವನ್ನೂ ನೋಡಲಿಲ್ಲ. ಮೂಗಮ್ಮ ಮಾತ್ರ ಏನೂ ಆಗದವಳಂತೆ ಅಲಮಾರಿಗೆ ಹೋಗಿ ಕಿಯಾಂಟಿಯ ಬಾಟಲಿ ತಂದಳು, ಬಿರಡೆ ಕಿತ್ತಳು, ನಾಲ್ಕು ಹೊಸ ಗ್ಲಾಸಿಗೆ ಸುರಿದಳು. ನಾಲ್ಕನೆಯದನ್ನು ಅವಳ ಕೈಗೆ ಕೊಟ್ಟಳು. "ನಂಗೆ ಬೇಡಮ್ಮ, ಅಭ್ಯಾಸವಿಲ್ಲ" ಎಂದರೆ, "ನುಂಗಬೇಡಿ ಅಕ್ಕಾ, ಚೊಂಬು ಇಲ್ಲೇ ಇದೆ. ಮೊದಲು ನಿಮ್ಮ ಸಾಸು ತಿನ್ನಿ" ಎಂದಳು.

"ನಿಂಗೆ ಗೊತ್ತಿತ್ತಲ್ಲ. ಯಾಕೆ ಕೇಳಲಿಲ್ಲ?" ಎಂದಳು ಅವಳು, ಮೆಲ್ಲಗೆ.

"ಹೋದ ವಾರ ಮನೇಲಿ ಚೀಟಿ ಪ್ರಕಾರ ಮಾಡಿ ನೋಡಿದೆ, ಆಗ ಗೊತ್ತಾಯ್ತು. ಆದ್ರೆ ನೀವು ಮಾಡಿದ ಊಟಕ್ಕೆ ವೈನ್ ಹುಡುಕೋದು ನನ್ನ ಕೆಲಸ. ನನ್ನ ವೈನಿಗೆ ನಿಮ್ಮ ಊಟ ಬದಲಾಯಿಸಿ ಅನ್ನೋದಲ್ಲ." ಸ್ವಲ್ಪ ತಡೆದು, "ಅದೂ ಅಲ್ದೆ, ನೀವು ಮುಚ್ಚಿಡ್ತಿದೀರ ಅಂದ್ರೆ ಏನೋ ಇರುತ್ತೆ ಅನ್ನಿಸ್ತು" ಎಂದಳು.

ಅವಳು ತಿಂದಳು. ಹುಳಿ ನಾಲಿಗೆಯ ಎರಡೂ ಅಂಚಿಗೆ ಬಂದು ಹಿಡಿಯಿತು, ದವಡೆಯೊಳಗೆ ನೀರೂರಿತು, ಕಣ್ಣು ಚಿಕ್ಕದಾಯಿತು. ಹೆದರಿಕೆ ಎದ್ದಿತು, ಹಳೆಯದೇ, ಇನ್ನೇನು ಯಾರೋ ನಗುತ್ತಾರೆ ಎಂಬುದು. ಆಗ ವೈನನ್ನು ಬಾಯಿಗೆ ಬಿಟ್ಟುಕೊಂಡಳು. ಅದೂ ಹುಳಿಯೇ. ಒಗರಿನ ಒಂದು ಎಳೆಯೂ ಇತ್ತು. ಆದರೆ ಎರಡೂ ಸೇರಿದ ಕಡೆ ಹುಳಿಯೇ ಇರಲಿಲ್ಲ. ಅಲ್ಲಿ ಹಣ್ಣಿತ್ತು, ಬಿಸಿಲಲ್ಲಿ ಗಿಡದ ಮೇಲೇ ಬೆಚ್ಚಗಾದ ಹಣ್ಣು, ಟೊಮೇಟೊ ಯಾವುದು ದ್ರಾಕ್ಷಿ ಯಾವುದು ಎಂದು ಬಿಡಿಸಲಾಗದಷ್ಟು ಹತ್ತಿರ. ಇದು ಯಾರೋ ಹಾಕಿದ ಸಿಹಿಯಲ್ಲ, ಮೊದಲಿಂದ ಒಳಗೇ ಇದ್ದದ್ದು. ಉಗಿಯಬೇಕೆಂಬುದು ಮರೆತು ನುಂಗಿಬಿಟ್ಟಳು. ಎದುರಿಗೆ ಮೂಗಮ್ಮ ತನ್ನ ಗ್ಲಾಸನ್ನು ಮುಟ್ಟದೆ ಅವಳನ್ನೇ ನೋಡುತ್ತಿದ್ದಳು, ಹೋಗಿ ಬರುವ ಆ ಜಾಗಕ್ಕೆ ಇನ್ನೊಬ್ಬಳು ಹೋಗಿ ಬರುವುದನ್ನು ಬಾಗಿಲಲ್ಲಿ ನಿಂತು ಕಾಯುವವಳ ಹಾಗೆ.

"ಏನು ನೆನಪಾಯ್ತು ಅಕ್ಕಾ?"

"ಏನೂ ನೆನಪಾಗಲಿಲ್ಲ" ಎಂದಳು ಅವಳು, ಆಶ್ಚರ್ಯದಿಂದ.

ದೊಡ್ಡಕ್ಕ ಎರಡನೆಯ ಸಲ ಬಡಿಸಿಕೊಂಡಿದ್ದರು. "ಈ ಹುಡುಗಿ ಇರಲಿ" ಎಂದರು ತಮ್ಮನಿಗೆ, ಚಮಚದಿಂದ ಮೂಗಮ್ಮನನ್ನು ತೋರಿಸುತ್ತ. "ನಿಂಗೆ ಹನ್ನೊಂದು ವರ್ಷಕ್ಕೆ ಗೊತ್ತಾಗದ್ದು ಇವಳಿಗೆ ಮೂರು ತಿಂಗಳೊಳಗೆ ಗೊತ್ತಾಗಿದೆ. ಇಂಥವಳನ್ನ ಕಳಿಸಿದ್ರೆ ನಿಂಗೆ ಮೂಗು ಇರೋದು ಕನ್ನಡಕ ಇಡೋಕೆ ಅಂತ ತಿಳ್ಕೊತೀನಿ." ಯಜಮಾನ ತಲೆಯಾಡಿಸಿದ. ಅವನ ಕಣ್ಣು ಸಾಸು ಮಾಡಿದವಳ ಕಡೆ ತಿರುಗಿ, ತುಸು ಹೊತ್ತು ಸಿಟ್ಟಿಗೂ ಅಳುವಿಗೂ ನಡುವೆ ನಿಂತಿತು. "ಮಧ್ಯಾಹ್ನದ ಜನ ಬರೋ ಹೊತ್ತಾಯ್ತು" ಎಂದ. "ಅವರಿಗೆ ಸಿಹಿ ಅಭ್ಯಾಸ ಆಗಿದೆ. ಬೇಕಾದ್ರೆ ಹಾಕಿಬಿಡಿ. ಈಗ ಕದ್ದು ಹಾಕೋದೇನಿಲ್ಲವಲ್ಲ. ನಿಮ್ಮ ವಿಷಯ ಜನ ತಿಂದ ಮೇಲೆ ನೋಡೋಣ."

ಅವಳು ಒಲೆಗೆ ಹಿಂದಿರುಗಿದಳು. ಕೇಕಿನ ಮೇಜಿನ ಮೇಲೆ ಸಕ್ಕರೆ ಡಬ್ಬಿ ಬಾಯಿ ತೆರೆದುಕೊಂಡೇ ಇತ್ತು, ಕೈಚಾಚುವ ದೂರದಲ್ಲಿ. ಮಾಂಸದ ಒಲೆಯವನು ವಿಷಯವೆಲ್ಲ ಕೇಳಿಸಿಕೊಂಡಿದ್ದ. ಡಬ್ಬಿಯನ್ನು ಇನ್ನಷ್ಟು ಹತ್ತಿರ ಸರಿಸಿದ, ಉಪಕಾರಕ್ಕೆಂದೇ. ಅವಳು ಡಬ್ಬಿಯನ್ನು ನೋಡಿದಳು, ಸಾಸನ್ನು ನೋಡಿದಳು. ಕುದಿಯುವುದು ಕಡಿಮೆಯಾಗಿ ನಡುವಿನಲ್ಲಿ ಒಂದೇ ಗುಳ್ಳೆ ಎದ್ದು ಒಡೆಯುತ್ತಿತ್ತು. ಹನ್ನೆರಡೂವರೆಗೆ ಬಾಗಿಲು ತೆರೆದರು. ಮೊದಲ ನಾಲ್ಕು ತಟ್ಟೆಯಲ್ಲಿ ಮೂರು ಕೆಂಪು ಸಾಸಿನವೇ. ಬಸಿದ ಸ್ಪಗೆಟ್ಟಿಗೆ ಅವಳು ಸಾಸನ್ನು ಇದ್ದ ಹಾಗೇ ಹಾಕಿ ಹೊರಳಿಸಿ, ತಟ್ಟೆಯ ಅಂಚು ಒರೆಸಿ ಕಳಿಸಿದಳು. ಕಳಿಸಿದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒರೆಸಿದ ಅಡುಗೆಕಟ್ಟೆಯ ಕಲ್ಲನ್ನೇ ಮತ್ತೆ ಒರೆಸಿದಳು. ಗಾಜಿನ ಹತ್ತಿರ ಹೋಗಲಿಲ್ಲ.

ಬಡಿಸುವ ಮೀಸೆ ಮಾವ ಬಾಗಿಲು ತಳ್ಳಿಕೊಂಡು ಬಂದ. ಇಪ್ಪತ್ತು ವರ್ಷದಿಂದ ಇದ್ದವನು, ಗಿರಾಕಿಗಳ ಮಾತನ್ನು ಮುಖದಲ್ಲಿ ಒಂದಿಷ್ಟೂ ಬೆರೆಸದೆ ತಂದು ಒಪ್ಪಿಸುವವನು.

"ಕಿಟಕಿ ಮೇಜಿನ ಹೆಂಗಸು ಕೇಳ್ತಿದಾರೆ, ವಾರಕ್ಕೆರಡು ಸಲ ಬರ್ತಾರಲ್ಲ, ಅವರು. ಇವತ್ತಿನ ಸಾಸು ಯಾರು ಮಾಡಿದ್ದು ಅಂತ."

ಮೆಚ್ಚಿ ಕೇಳಿದ್ದೋ ಬೈಯಲು ಕೇಳಿದ್ದೋ ಅವನ ಮೀಸೆಯಲ್ಲಿ ಗೊತ್ತಾಗಲಿಲ್ಲ. ಮಾಂಸದ ಒಲೆಯವನು ಉರಿ ಸಣ್ಣ ಮಾಡಿದ. ಮೇಜಿಗೆ ಬಾಟಲಿ ಒಯ್ಯಲು ಬಂದ ಮೂಗಮ್ಮ ಅಲ್ಲೇ ನಿಂತಳು. ಸಾಸು ಮಾಡಿದವಳು ಕೈ ಒರೆಸಿಕೊಂಡಳು, ಏನಂತ ಕೇಳಿದ್ರು, ಮುಖ ಹೇಗಿತ್ತು ಎಂದು ವಿಚಾರಿಸಲಿಲ್ಲ.

"ನಾನು ಅಂತ ಹೇಳು" ಎಂದಳು.